ಬಿಟ್ಟೆನೋ, ಹೊರಟೆನೋ?

ನನಗೆ ಕೊಟ್ಟಿರುವುದು ಐದೇ ನಿಮಿಷ. ಹಾಗಾಗಿ ‘ಲೀವ್’ ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಮಾತಾಡುತ್ತೇನೆ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ನಮ್ಮ ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಮುಂಬೈಯಲ್ಲಿ ರಾತ್ರಿ ಬಸ್ ಹತ್ತಿದವಳು ಪುಣೆಯಲ್ಲಿರುವ ಅಣ್ಣನಿಗೆ ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲೇ ಮೆಸೇಜ್ ಹಾಕಿದೆ: ‘ಐ ಲೆಫ್ಟ್ ಹುಬ್ಬಳ್ಳಿ.’ ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು. ನಾನಾಗಲೇ ಅವ್ವನ ಹತ್ತಿರ ಇದ್ದೇನೆ ಅಂದುಕೊಂಡಿದ್ದ ಅಣ್ಣ, ಅವಳೊಬ್ಬಳನ್ನೇ ಬಿಟ್ಟು ಬಂದೆನೆಂದು ತಿಳಿದು, ಜ್ವರದಲ್ಲೇ ಹೊರಟುಬಿಟ್ಟ. ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಇಬ್ಬರೂ ಎದುರಾದೆವು. ಅವನ ಮೈ ಸುಡುತ್ತಿತ್ತು.

‘ಲೀವ್’ ಅಥವಾ ಅದರ ಭೂತಕಾಲ ‘ಲೆಫ್ಟ್’ ಆದ ಮೇಲೆ ನೇರವಾಗಿ ಊರಿನ ಹೆಸರು ಬಂದರೆ ಆ ಊರನ್ನು ಬಿಟ್ಟಂತೆ. ಹೋಗುವ ಊರಾದರೆ ನಡುವೆ ‘ಫಾರ್’ ಬೇಕು: ‘ಐ ಲೆಫ್ಟ್ ಫಾರ್ ಹುಬ್ಬಳ್ಳಿ.’ ‘ಹುಬ್ಬಳ್ಳಿಗೆ’ ಅನ್ನುವಾಗ ನಮ್ಮ ‘ಗೆ’ ಮಾಡುವ ಕೆಲಸವನ್ನೇ ಅಲ್ಲಿ ‘ಫಾರ್’ ಮಾಡುತ್ತದೆ.

ಮಗುವನ್ನು ಶಾಲೆಗೆ ಬಿಟ್ಟು ಬಂದೆ ಅನ್ನಲು ‘ಡ್ರಾಪ್ಡ್’ ಅಂದರೆ ಗೊಂದಲವಿಲ್ಲ. ಇನ್ನು ನಮ್ಮ ಬಾಡಿಗೆ ಮನೆಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನಲ್ಲಿರುವ ‘ಲೀವ್’ ಅಂದರೆ ಬಿಟ್ಟು ಹೋಗುವುದಲ್ಲ, ಅನುಮತಿ. 11 ತಿಂಗಳಾದ ಮೇಲೆ ಬಿಟ್ಟು ಹೋಗಬೇಕಾದೀತು, ಅದು ಬೇರೆ ಮಾತು!

ಅವ್ವ ಮನೆಗೆ ಬಂದ ಮೇಲೆ, ನಾನು ವಾಪಸಾಗುವಾಗ ಜಾಗ್ರತೆಯಿಂದ ಬರೆದೆ: ‘ಲೀವಿಂಗ್ ಹುಬ್ಬಳ್ಳಿ ಫಾರ್ ಮುಂಬೈ.’

ಅಣ್ಣನ ಉತ್ತರ ಬಂತು: ‘ಯಾವ ಕಡೆ ಹೊಂಟೀ, ಕನ್ನಡದಾಗ ಬರಿಯವಾ.’