ಹಳೆಯ ದಫ್ತರಗಳಲ್ಲಿ ಮನೆತನದ ಹೆಸರು



ಮುತ್ತಜ್ಜನ ತಂದೆಯ ಹೆಸರೇನೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುವರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯ ಒಕ್ಕಲು ಮನೆತನದವರು ಇದಕ್ಕೆ ಉತ್ತರವನ್ನು ಪಡೆಯಬೇಕಾದರೆ ಕಂದಾಯದ ದಫ್ತರವನ್ನೂ ನ್ಯಾಯಸ್ಥಾನದ ಕಡತವನ್ನೂ ಜೊತೆಯಾಗಿ ಓದಬೇಕು.

1853ರಲ್ಲಿ ನಿಜಾಮರು ರಾಯಚೂರು ದೋಆಬನ್ನು ಇಂಗ್ಲಿಷರಿಗೆ ಒಪ್ಪಿಸಿದರು. 1860ರಲ್ಲಿ ಅದು ಮರಳಿ ಬಂದಿತು. 1905ರ ವರೆಗೆ ಲಿಂಗಸುಗೂರೇ ಒಂದು ಜಿಲ್ಲೆ. ಸಿಂಧನೂರು ಅದರೊಳಗಿನ ತಾಲ್ಲೂಕು. ಆದಕಾರಣ ರಾಯಚೂರಿನಲ್ಲಿ ದೊರೆಯದ ಕಾಗದವನ್ನು ಹೈದರಾಬಾದಿನ ಪತ್ರಾಗಾರದಲ್ಲಿ ಅರಸಬೇಕಾದೀತು.

ಕಾಗದವು ಅನೇಕವೇಳೆ ಉರ್ದುವಿನಲ್ಲಿರುವುದು; ವರ್ಷವು ಫಸಲಿ. 590ನ್ನು ಕೂಡಿಸಿದರೆ ನಮ್ಮ ಇಸವಿ ಸುಮಾರಾಗಿ ಬರುವುದು: ಫಸಲಿ 1310 ಎಂದರೆ 1900-01. ಹೆಸರುಗಳದೇ ತೊಡಕು. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಮುದ್ದಪ್ಪನೂ ಮದ್ದಪ್ಪನೂ ಒಂದೇ ಆಗಿಬಿಡುವರು. ಕೆಲವೆಡೆ ಹೆಸರಿಗೆ ಬದಲಾಗಿ ಗೌಡ, ಕುಲಕರ್ಣಿ ಎಂಬ ಹುದ್ದೆ ಮಾತ್ರ ಕಾಣುವುದುಂಟು. ಬಿರುದಿನಿಂದ ವ್ಯಕ್ತಿಯನ್ನು ಗುರುತಿಸುವ ಕಷ್ಟ ಚರಿತ್ರಕಾರರಿಗೂ ಇದ್ದಿತು. 1915ರಲ್ಲಿ ಮಸ್ಕಿಯ ಬಂಡೆ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂಬುದರ ಜೊತೆಯಲ್ಲಿಯೇ ಅಶೋಕನ ಹೆಸರನ್ನು ತೋರಿಸಿತಷ್ಟೆ!

ಭೂಮಿಯ ದಫ್ತರವು ಕಂದಾಯ ಕಟ್ಟುವವನನ್ನು ಬಲ್ಲದು, ಕುಟುಂಬವನ್ನು ಅರಿಯದು. ಅಣ್ಣನ ಹೆಸರಿನ ಮರೆಯಲ್ಲಿ ತಮ್ಮಂದಿರು ಅಡಗುವರು. ಹೆಣ್ಣುಮಕ್ಕಳ ಸುದ್ದಿಯೇ ವಿರಳ. ವ್ಯಾಜ್ಯದ ಕಡತ ಹಾಗಲ್ಲ. ಪಾಲಿನ ದಾವೆಗೆ ವಂಶವೃಕ್ಷ ಬೇಕು. ದತ್ತಕದ ತಂಟೆ ಹುಟ್ಟಿದರೆ ವಿಧವೆಯ ಹೆಸರು, ಅವಳ ತವರು, ಗಂಡ ಸತ್ತ ವರ್ಷ ಎಲ್ಲವೂ ಸಾಕ್ಷಿಗಳ ಬಾಯಿಂದ ಹೊರಬೀಳುವುವು. ಒಗ್ಗಟ್ಟಿನಿಂದ ಬಾಳಿದ ಮನೆಗಿಂತ ಜಗಳವಾಡಿದ ಮನೆಯ ಚರಿತ್ರೆಯೇ ನಮಗೆ ಹೆಚ್ಚು ದೊರೆಯುವುದೆಂದರೆ ಕೇಳುವವರು ನಗಬಹುದು. ಆದರೆ ವಾದಿಯು ಬರೆಸಿದ ವಂಶವೃಕ್ಷ ಅವನ ವಾದವೇ ಹೊರತು ಸಿದ್ಧವಾದ ಸತ್ಯವಲ್ಲ. ಪಾಲಿಗೆ ಅಡ್ಡಬರುವ ಕೊಂಬೆಯನ್ನು ಅವನು ಕಡಿದಿರಬಹುದು. ಪ್ರತಿವಾದಿಯ ಉತ್ತರವನ್ನೂ ತೀರ್ಪನ್ನೂ ಓದದೆ ನಂಬಲಾಗದು.

ಪಟ್ಟವಿಲ್ಲದವರ ಗತಿಯೇನು? ಕೋರಿನ ಮೇಲೆ ಉತ್ತವರಿಗೆ 1954-55ರ ಖಾಸ್ರಾ ಪಹಣಿ ಒಂದು ಆಸರೆ. ಅದರಲ್ಲಿ ಪಟ್ಟೆದಾರನಲ್ಲದೆ ಸಾಗುವಳಿದಾರನ ಹೆಸರೂ ಉಂಟು. ಕೂಲಿಯಾಳುಗಳಿಗೆ ಅದೂ ಇಲ್ಲ. ಅವರ ಹಿರಿಯರು ಯಾರದೋ ವ್ಯಾಜ್ಯದಲ್ಲಿ ಸಾಕ್ಷಿ ನುಡಿದಿದ್ದರೆ, ತಂದೆಯ ಹೆಸರು, ವಯಸ್ಸು, ಊರು, ಅಷ್ಟು ಮಾತ್ರ ಉಳಿದಿರುವುದು. ಈ ಸಾಕ್ಷಿಗಳ ಹೇಳಿಕೆಗಳನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ.

ಹುಡುಕಹೊರಡುವವರು ಇಂದಿನ ಪಹಣಿಯ ಸರ್ವೆ ನಂಬರನ್ನು ಹಿಡಿದು ಹಿಂದಕ್ಕೆ ಸರಿಯತಕ್ಕದ್ದು. ಅದಕ್ಕೆ ಮೊದಲು ಮನೆಯ ಅಜ್ಜಿಯರನ್ನು ಕೇಳಿ ಹಿರಿಯರ ಅಡ್ಡಹೆಸರುಗಳನ್ನೂ ಹೊಲಗಳ ಹೆಸರುಗಳನ್ನೂ ಬರೆದುಕೊಳ್ಳಿರಿ. ದಫ್ತರವು ಇನ್ನೂ ಕೆಲವು ಕಾಲ ಕಾದೀತು.