ನಿಧಾನದ ಪಾತ್ರೆಯಲ್ಲಿ ಪೇರಲ ಹಣ್ಣಿನ ಬೆಣ್ಣೆ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಮಾನ್ಯವಾಗಿ ಸಾಹಿತ್ಯದ, ಇತಿಹಾಸದ ಮಾತು ನಡೆಯುವದು. ಇಂದು ನಾವು ಅಡಿಗೆಯ ಮಾತನ್ನು ಎತ್ತಿಕೊಂಡಿದ್ದೇವೆ. ಇದು ಹಗುರಾದ ವಿಷಯವೆಂದು ಯಾರೂ ತಿಳಿಯಬಾರದು. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಲಿಂಗಂಪಲ್ಲಿಯ ಸುತ್ತಮುತ್ತ ಕೋಣೆ ಹಿಡಿದಿರುವ ನಮ್ಮವರಲ್ಲಿ ಅನೇಕರು ಬೆಳಗಿನ ಲೋಕಲ್ ಗಾಡಿಗೆ ಹೊರಟು ರಾತ್ರಿ ಮರಳುವವರು. ಎರಡು ಚಪಾತಿಯನ್ನಾಗಲಿ ನಾಲ್ಕು ತುಂಡು ಬ್ರೆಡ್ಡನ್ನಾಗಲಿ ಯಾವುದರೊಡನೆ ತಿನ್ನಬೇಕೆಂಬುದು ಅವರಿಗೆ ದಿನದಿನದ ಪ್ರಶ್ನೆ. ಅಂಗಡಿಯ ಜಾಮು ಅದಕ್ಕೆ ಸುಲಭದ ಉತ್ತರ. ಆದರೆ ಅದರ ತೂಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಇತ್ತ ಚಳಿಗಾಲದ ಸಂಜೆಗಳಲ್ಲಿ ಬಂಡಿಯವನು ಮೆತ್ತಗಾಗುತ್ತ ಬಂದ ಪೇರಲ ಹಣ್ಣನ್ನು ಬಂದ ಬೆಲೆಗೆ ಕೊಟ್ಟು ಮನೆಗೆ ಹೋಗಲು ಕಾದಿರುತ್ತಾನೆ. ಆ ಹಣ್ಣನ್ನು ನಮ್ಮ ಚಪಾತಿಗೆ ತಂದು ಮುಟ್ಟಿಸುವ ಬಗೆಯನ್ನೇ ಇಂದು ಹೇಳಬೇಕೆಂದಿದ್ದೇವೆ.

ಈ ಹಣ್ಣಿಗೆ ನಮ್ಮಲ್ಲೇ ಹೆಸರು ಹಲವು. ಮೈಸೂರಿನ ಕಡೆಯವರಿಗೆ ಇದು ಸೀಬೆ, ಧಾರವಾಡದ ಕಡೆಯವರಿಗೆ ಪೇರಲ, ಮಂಗಳೂರಿನ ಕಡೆಯವರಿಗೆ ಪೇರಳೆ; ಇಲ್ಲಿಯ ಬಂಡಿಯವನು ಕೂಗುವದು ಜಾಮಕಾಯ ಎಂದು. ಹಣ್ಣು ಮೂಲತಃ ಅಮೇರಿಕಾ ಖಂಡದ್ದು. ಪೋರ್ತುಗೀಜರ ಕಾಲದಲ್ಲಿ ನಮ್ಮ ನಾಡಿಗೆ ಬಂತು. ಗೋವೆಯ ಕ್ರೈಸ್ತರ ಮನೆಗಳಲ್ಲಿ ಇದರ ತಿರುಳನ್ನು ಸಕ್ಕರೆಯೊಡನೆ ಗಟ್ಟಿಯಾಗಿ ಕಾಸಿ, ವಡಿಗಳಾಗಿ ಕತ್ತರಿಸಿ ಕ್ರಿಸ್ಮಸ್ಸಿಗೆ ಹಂಚುವ ರೂಢಿ ಇಂದಿಗೂ ಇದೆ.

ಹಾಗಾದರೆ ‘ಹಣ್ಣಿನ ಬೆಣ್ಣೆ’ ಎಂದರೇನು? ಇದರಲ್ಲಿ ಬೆಣ್ಣೆ ಇಲ್ಲ. ಹಣ್ಣಿನ ತಿರುಳನ್ನು ಬಹಳ ಹೊತ್ತು ಮಂದ ಬಿಸಿಯಲ್ಲಿ ಬೇಯಿಸಿ, ನೀರನ್ನೆಲ್ಲ ಆವಿಯಾಗಿಸಿ, ಬೆಣ್ಣೆಯಂತೆ ಸವರಲು ಬರುವಷ್ಟು ನುಣುಪು ಮಾಡಿದರೆ ಅದಕ್ಕೆ ಪಾಶ್ಚಾತ್ಯರು ಇಟ್ಟ ಹೆಸರು ಇದು. ಹೆಸರು ಹೊಸದಾದರೂ ಪದಾರ್ಥ ನಮಗೆ ಹೊಸತಲ್ಲ. ಕಾಸರಗೋಡು, ಪುತ್ತೂರುಗಳ ಕಡೆಯವರು ಹಲಸಿನ ‘ಬೆರಟಿ’ಯನ್ನು ಬಲ್ಲರು. ಬೇಸಿಗೆ ಮುಗಿಯುವ ಹೊತ್ತಿಗೆ ಹಲಸಿನ ತೊಳೆಗಳನ್ನು ಬೇಯಿಸಿ ಅರೆದು, ಬೆಲ್ಲ ತುಪ್ಪ ಬೆರೆಸಿ, ದೊಡ್ಡ ಉರುಳಿಯಲ್ಲಿ ತಾಸುಗಟ್ಟಲೆ ಕಾಯಿಸಿ ಭರಣಿಗೆ ತುಂಬುವರು. ಆಷಾಢದ ಮಳೆಯಲ್ಲಿ ಅದನ್ನು ತೆಗೆದು ಪಾಯಸ ಮಾಡುವರು. ನೀರು ಕಳೆದು ಸಿಹಿ ಗಟ್ಟಿಯಾದಲ್ಲಿ ಹಣ್ಣು ಬಹುಕಾಲ ಕೆಡದೆ ಉಳಿಯುವದೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು.

ಆದರೆ ಆ ಬೆರಟಿಗೆ ಒಂದು ಬೆಲೆಯೂ ಇತ್ತು. ಕೈ ನಿಂತರೆ ತಳ ಹಿಡಿಯುವದು. ಆದಕಾರಣ ಒಲೆಯ ಹೊಗೆಯಲ್ಲಿ, ಮೈಮೇಲೆ ಸಿಡಿಯುವ ಬಿಸಿ ಪಾಕದ ಎದುರಿಗೆ, ಮನೆಯ ಯಾರಾದರೊಬ್ಬರು ದಿನವಿಡೀ ಸಟ್ಟುಗ ಆಡಿಸುತ್ತಲೇ ಇರಬೇಕಾಗಿತ್ತು. ಆ ಒಬ್ಬರು ಹೆಚ್ಚಾಗಿ ಹೆಂಗಸರೇ. ನಾವು ಪಾಯಸವನ್ನು ನೆನೆಯುತ್ತೇವೆ, ಆ ರಟ್ಟೆಯ ನೋವನ್ನು ನೆನೆಯುವದಿಲ್ಲ. ಇಂದು ಲಿಂಗಂಪಲ್ಲಿಯ ಒಂದು ಕೋಣೆಯಲ್ಲಿ ಇಬ್ಬರು ಮೂವರು ದುಡಿಯುವ ಗಂಡಸರು ಇದ್ದರೆ ಅಲ್ಲಿ ದಿನವಿಡೀ ಕೈಯಾಡಿಸುವವರು ಯಾರು? ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಯಾರು?

ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವದು ಸ್ಲೋ ಕುಕ್ಕರು ಎಂಬ ವಿದ್ಯುತ್ ಪಾತ್ರೆ. ದಪ್ಪನೆಯ ಪಿಂಗಾಣಿ ಪಾತ್ರೆ, ಅದರ ಸುತ್ತ ಬಿಸಿ ತಂತಿಯ ಕವಚ, ಮೇಲೆ ಗಾಜಿನ ಮುಚ್ಚಳ. ಇಷ್ಟೇ ಇದರ ರಚನೆ. ಇದರಲ್ಲಿ ಪ್ರೆಶರ್ ಇಲ್ಲ, ಸೀಟಿ ಇಲ್ಲ. ಬಿಸಿ ಸುತ್ತಲಿನಿಂದ ಮೆಲ್ಲಗೆ ಬರುವದರಿಂದ ತಳ ಬೇಗ ಹಿಡಿಯುವದಿಲ್ಲ. ಅಮೇರಿಕೆಯ ಇರ್ವಿಂಗ್ ನ್ಯಾಕ್ಸನ್ ಎಂಬವರು ಇದಕ್ಕೆ ೧೯೪೦ರಲ್ಲಿ ಪೇಟೆಂಟು ಪಡೆದರು. ಯೆಹೂದಿಗಳು ಶನಿವಾರದ ವಿಶ್ರಾಂತಿಯ ದಿನ ಒಲೆ ಹಚ್ಚುವದಿಲ್ಲ. ಹಿಂದಿನ ಸಂಜೆಯೇ ಕಾಳು ಮಾಂಸಗಳ ಗಡಿಗೆಯನ್ನು ರೊಟ್ಟಿಯ ಭಟ್ಟಿಯಲ್ಲಿಟ್ಟು ಮರುದಿನ ಉಣ್ಣುವರು. ಲಿಥುವೇನಿಯಾದ ಈ ಪದ್ಧತಿಯನ್ನು ನ್ಯಾಕ್ಸನ್ ತಮ್ಮ ತಾಯಿಯ ಬಾಯಿಂದ ಕೇಳಿದ್ದರು. ಯಂತ್ರದ ಯೋಚನೆ ಅಲ್ಲಿಂದ ಹುಟ್ಟಿತು. ೧೯೭೧ರಲ್ಲಿ ಅದೇ ಪಾತ್ರೆ ‘ಕ್ರಾಕ್‌ಪಾಟ್’ ಎಂಬ ಹೆಸರಿನಿಂದ ಪೇಟೆಗೆ ಬಂದು, ಹೊರಗೆ ದುಡಿಯುವ ಹೆಂಗಸರ ಮನೆಗಳಲ್ಲಿ ಬಳಕೆಯಾಯಿತು.

ಇನ್ನು ಮಾಡುವ ಕ್ರಮ. ಶನಿವಾರ ರಾತ್ರಿ ಚೆನ್ನಾಗಿ ಮಾಗಿದ ೨ ಕಿಲೋ ಪೇರಲ ಹಣ್ಣನ್ನು ತೊಳೆದು, ಕೊಳೆತ ಭಾಗವಿದ್ದ ಹಣ್ಣನ್ನು ಬಿಟ್ಟು, ಉಳಿದುದನ್ನು ಸಿಪ್ಪೆ ಸಮೇತ ಹೋಳು ಮಾಡಿ ಪಾತ್ರೆಗೆ ಹಾಕಿರಿ. ಒಂದು ಲೋಟ ನೀರು ಸಾಕು. ಮುಚ್ಚಳ ಮುಚ್ಚಿ, ಕಡಿಮೆ ಬಿಸಿಗಿಟ್ಟು, ೮ ತಾಸು ನಿಶ್ಚಿಂತೆಯಿಂದ ಮಲಗಿರಿ. ಬೆಳಗ್ಗೆ ಹಣ್ಣು ಬೆರಳಿಗೆ ಕರಗುವಂತೆ ಬೆಂದಿರುವದು. ತುಸು ಆರಿದ ಮೇಲೆ ಸ್ಟೀಲಿನ ಜರಡಿಯಲ್ಲಿ ಸೌಟಿನಿಂದ ಒತ್ತಿ ಸೋಸಿರಿ. ಮಿಕ್ಸಿಗೆ ಹಾಕುವದು ಬೇಡ. ಬೀಜ ಒಡೆದರೆ ನುಣುಪು ಹೋಗಿ ಮರಳು ಮರಳಾಗುವದು.

ಸೋಸಿದ ತಿರುಳನ್ನು ತೂಗಿ, ಒಂದು ಕಿಲೋಕ್ಕೆ ೨೫೦ ಗ್ರಾಮು ಸಕ್ಕರೆ ಅಥವಾ ಬೆಲ್ಲ, ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು, ಬೇಕಾದರೆ ಒಣಶುಂಠಿಯ ಪುಡಿ ಸೇರಿಸಿ ಮತ್ತೆ ಪಾತ್ರೆಗೆ ಹಾಕಿರಿ. ಈಗ ಹೆಚ್ಚಿನ ಬಿಸಿ ಇರಲಿ. ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಮುಚ್ಚಳ ಪೂರ್ಣ ಮುಚ್ಚಿದ್ದರೆ ಆವಿ ಅಲ್ಲಿಯೇ ನೀರಾಗಿ ಮರಳಿ ಬೀಳುವದು. ಎಷ್ಟು ತಾಸು ಬೇಯಿಸಿದರೂ ಗಟ್ಟಿಯಾಗದು. ಆದುದರಿಂದ ಪಾತ್ರೆಯ ಬಾಯಿಗೆ ಅಡ್ಡಲಾಗಿ ಎರಡು ಕಟ್ಟಿಗೆಯ ಸೌಟುಗಳನ್ನಿಟ್ಟು ಅವುಗಳ ಮೇಲೆ ಮುಚ್ಚಳವನ್ನು ಇಡಿರಿ. ಆವಿಯೂ ಹೋಗುವದು, ಸಿಡಿತವೂ ತಡೆಯುವದು. ಹೀಗೆ ೫-೬ ತಾಸು ಹಿಡಿಯುವದು. ಮೊದಲು ತಾಸಿಗೊಮ್ಮೆ, ಕೊನೆಯಲ್ಲಿ ಕಾಲು ತಾಸಿಗೊಮ್ಮೆ ಕೈಯಾಡಿಸಬೇಕು. ಸ್ಟೀಲಿನ ತಟ್ಟೆಯ ಮೇಲೆ ಒಂದು ಹನಿ ಹಾಕಿ ನೋಡಿರಿ. ಸುತ್ತಲೂ ನೀರು ಬಿಡದೆ ಹನಿ ನಿಂತಲ್ಲಿಯೇ ನಿಂತರೆ ಹದ ಬಂತು.

ರಾತ್ರಿಯ ಬೇಯುವಿಕೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ಹಗಲಿನ ಗಟ್ಟಿಯಾಗುವಿಕೆಯನ್ನು ಒಪ್ಪಿಸಲಾಗದು. ಮುಚ್ಚಳ ಸರಿಸಿಟ್ಟು ಡ್ಯೂಟಿಗೆ ಹೋದರೆ ಅಂಚು ಕಪ್ಪಾಗಿ ಇಡೀ ಪಾತ್ರೆ ಕಮಟು ನಾರುವದು. ದಿನವಿಡೀ ನಿಲ್ಲುವ ಶಿಕ್ಷೆ ತಪ್ಪಿತು. ಕೊನೆಯ ತಾಸಿನ ಎಚ್ಚರ ಮಾತ್ರ ಇಂದಿಗೂ ಮನುಷ್ಯನದೇ. ಭಾನುವಾರ ಪೇಪರು ಓದುತ್ತ, ಬಟ್ಟೆ ಒಗೆಯುತ್ತ ಇಷ್ಟನ್ನು ಯಾರೂ ಮಾಡಬಹುದು. ಊರಿನ ರುಚಿ ತಾಯಿಯವರು ಕಟ್ಟಿಕೊಡುವ ಡಬ್ಬಿಯಲ್ಲಿಯೇ ಬರಬೇಕೆಂದು ಕಾಯುವ ನಮ್ಮ ಯುವಕರು ಇದನ್ನು ವಿಶೇಷವಾಗಿ ಕಲಿಯಬೇಕು.

ಕಾಯ್ದಿಡುವ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಜಾಮು ಹೊರಗೆ ಬಹುಕಾಲ ಬಾಳುವದು ಅದರ ಸಕ್ಕರೆಯಿಂದ. ನಮ್ಮ ಬೆಣ್ಣೆಯಲ್ಲಿ ಸಕ್ಕರೆ ಕಡಿಮೆ. ಅದೇ ಅದರ ಗುಣ, ಅದೇ ಅದರ ಮಿತಿ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಆರಿದೊಡನೆ ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ವಾರಗಳಲ್ಲಿ ಮುಗಿಸಬೇಕು. ಫ್ರಿಜ್ಜು ಇಲ್ಲದವರು ಅರ್ಧದಷ್ಟೇ ಮಾಡಿ, ಅದೇ ದಿನ ನೆರೆಯವರೊಡನೆ ಹಂಚಿ ತಿನ್ನಲಿ. ಬೂಜು ಕಂಡರೆ ಮೇಲಿನದನ್ನು ಕೆರೆದು ಉಣ್ಣದೆ ಪೂರ್ತಿ ಚೆಲ್ಲಿರಿ. ಇದೇ ಕ್ರಮದಿಂದ ಪರಂಗಿ, ಸೀತಾಫಲಗಳನ್ನು ಮಾಡಿ ಬಾಟಲಿ ಮುಚ್ಚಿ ಹೊರಗಿಡುವ ಸಾಹಸ ಬೇಡವೇ ಬೇಡ. ಅವುಗಳಲ್ಲಿ ಹುಳಿ ಕಡಿಮೆ. ಹುಳಿಯಿಲ್ಲದ, ಗಾಳಿಯಾಡದ ಬಾಟಲಿಯಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಘೋರ ವಿಷ ಹುಟ್ಟಬಹುದು. ಅದು ಕಣ್ಣಿಗೂ ಮೂಗಿಗೂ ತಿಳಿಯದು. ಪೇರಲದಲ್ಲಿ ಸಹಜವಾಗಿ ಹುಳಿ ಇದೆ, ನಿಂಬೆರಸ ಅದನ್ನು ಬಲಪಡಿಸುವದು. ಸಕ್ಕರೆ ಕಾಯಿಲೆಯವರಿಗೆ ಇದೂ ಸಿಹಿಯೇ. ಚಮಚದ ಅಳತೆ ಮೀರಬಾರದು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇವೆ. ೨೦೦ ವಾಟಿನ ಪಾತ್ರೆ ೧೪ ತಾಸು ಪೂರ್ಣ ಬಿಸಿಯಲ್ಲಿದ್ದರೂ ೨.೮ ಯೂನಿಟ್ಟು ಕರೆಂಟು. ಕಡಿಮೆ ಬಿಸಿಗೆ ಇನ್ನೂ ಕಡಿಮೆ. ಪಾತ್ರೆಯನ್ನು ಒಬ್ಬರೇ ಕೊಳ್ಳಬೇಕೆಂದಿಲ್ಲ. ನಾಲ್ಕು ಕೋಣೆಯವರು ಪಾಲು ಹಾಕಿ ಕೊಂಡು, ವಾರಕ್ಕೊಬ್ಬರಂತೆ ಬಳಸಬಹುದು. ಈ ಓದುವ ಕೋಣೆಯಲ್ಲಿ ಒಂದೇ ಪತ್ರಿಕೆಯನ್ನು ಹತ್ತು ಜನ ಓದುವ ನಮಗೆ ಒಂದೇ ಪಾತ್ರೆಯಲ್ಲಿ ನಾಲ್ಕು ಮನೆಯವರು ಬೇಯಿಸಿಕೊಳ್ಳುವದು ಕಠಿಣವಾಗಲಾರದು. ಈ ಚಳಿಗಾಲ ಮುಗಿಯುವದರೊಳಗೆ ಒಮ್ಮೆ ಮಾಡಿ ನೋಡಿರಿ. ಮೊದಲ ಬಾಟಲಿಯಿಂದ ಒಂದು ಚಮಚವನ್ನು ಪಕ್ಕದ ಕೋಣೆಯವರಿಗೆ ಕೊಡಲು ಮರೆಯದಿರಿ.