ನದಿ ಕಡಲು ಸೇರುವಲ್ಲಿಗೆ, ಕಾಲ್ನಡಿಗೆಯಲ್ಲಿ

ದಕ್ಷಿಣ ಕೊಡಗಿನ ಶ್ರೀಮಂಗಲದಿಂದ ತಲಶ್ಶೇರಿಯ ಕಡಲಿಗೆ ನೇರ ಗೆರೆ ಎಳೆದರೆ ದೂರ ಸುಮಾರು 60 ಕಿಲೋಮೀಟರ್. ಜೂನ್ ತಿಂಗಳಲ್ಲಿ ಬ್ರಹ್ಮಗಿರಿ ಬೆಟ್ಟಕ್ಕೆ ಬಂದು ಕವಿಯುವ ಮೋಡಗಳು ಆ ಕಡಲನ್ನು ದಾಟಿಯೇ ಬರುತ್ತವೆ. ಆದರೆ ಬೆಟ್ಟದ ಈ ಮಗ್ಗುಲಲ್ಲಿ ಅವು ಸುರಿಸಿದ ನೀರು ಆ ಕಡಲಿಗೆ ಹಿಂದಿರುಗುವುದಿಲ್ಲ. ಇರ್ಪುವಿನಲ್ಲಿ ಧುಮುಕಿ, ಲಕ್ಷ್ಮಣತೀರ್ಥವಾಗಿ ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿ, ಪೂರ್ವದ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ಹೀಗಾಗಿ ನದಿಯ ಹುಟ್ಟನ್ನು ಮನೆಯ ಹಿತ್ತಲಲ್ಲೇ ಕಂಡಿರುವ ದಕ್ಷಿಣ ಕೊಡಗಿನವರಿಗೆ, ಇದೇ ಘಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ನದಿಗಳು ಕಡಲನ್ನು ಸೇರುವ ಬಗೆ ಅಷ್ಟಾಗಿ ಪರಿಚಯವಿಲ್ಲ. ಅದನ್ನು ನೋಡಲು ನಮ್ಮ ಉತ್ತರ ಕನ್ನಡದ ಕರಾವಳಿಯಂಥ ಜಾಗ ಇನ್ನೊಂದಿಲ್ಲ. ಅದನ್ನು ವಾಹನದಲ್ಲಿ ಕೂತು ನೋಡಿದರೆ ಸಾಲದು. ಬೆನ್ನಿಗೊಂದು ಚೀಲ, ಜೊತೆಗೊಬ್ಬ ಸ್ನೇಹಿತ, ಇಷ್ಟರಲ್ಲೇ ನಡೆದು ನೋಡಬೇಕು ಎಂಬುದು ನನ್ನ ವಾದ.

ಕುಮಟಾದಿಂದ ಗೋಕರ್ಣದವರೆಗಿನ ದಾರಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದವರು ಅಘನಾಶಿನಿಯನ್ನು ಸೇತುವೆಯ ಮೇಲೆ ನಿಮಿಷದೊಳಗೆ ದಾಟಿಬಿಡುತ್ತಾರೆ. ಅವರ ಪಾಲಿಗೆ ಕರಾವಳಿಯೆಂದರೆ ಒಂದಾದ ಮೇಲೊಂದು ಬರುವ ಮರಳ ದಂಡೆ, ಅಷ್ಟೆ. ನಡೆಯುವವರ ದಾರಿಯೇ ಬೇರೆ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ಎಂದು ಊರೂರು ದಾಟಿ ಬರುವ ಕಾಲುದಾರಿ ಅಘನಾಶಿನಿ ಎಂಬ ಊರಿನಲ್ಲಿ ನಿಂತುಬಿಡುತ್ತದೆ, ಏಕೆಂದರೆ ಮುಂದೆ ನೀರು. ಎದುರು ದಡದ ತದಡಿಗೆ ಜನರನ್ನೂ ಬೈಕುಗಳನ್ನೂ ಹೊತ್ತು ಬಾರ್ಜ್ ಓಡಾಡುತ್ತದೆ. ಅದಕ್ಕಾಗಿ ಕಾಯುವ ಹೊತ್ತಿನಲ್ಲಿ ಕರಾವಳಿಯ ನಿಜವಾದ ಬದುಕು ಕಣ್ಣಿಗೆ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಸೊಂಟದ ಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರಿದ್ದಾರೆ. ಒಳಗೆ ಗಜನಿ ಗದ್ದೆಗಳಿವೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ, ಬೆಳೆ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಹಿಡಿಯುತ್ತಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳು. ಉತ್ತರಕ್ಕೆ ಕಾಳಿಗೂ ದಕ್ಷಿಣಕ್ಕೆ ಶರಾವತಿಗೂ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ್ದೇವೆ. ನಡುವಿನ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಶಿರಸಿಯ ಕಾಡಿನ ಹೂಳನ್ನೂ ಸಿಹಿನೀರನ್ನೂ ಕಡಲಿನವರೆಗೆ ತರುತ್ತದೆ. ಬಳಚು, ಕಗ್ಗ, ಸಿಗಡಿ ಎಲ್ಲವೂ ಆ ಸಿಹಿನೀರು ಉಪ್ಪುನೀರುಗಳ ಬೆರಕೆಯ ಮೇಲೆ ನಿಂತಿವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಭತ್ತದ ಗದ್ದೆಯ ಬೆಲೆ ಗೊತ್ತಿರುವ ಶ್ರೀಮಂಗಲದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ತದಡಿಯಿಂದ ಮುಂದೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳು ಗುಡ್ಡದ ಮೂಗುಗಳ ನಡುವೆ ಅಡಗಿ ಕೂತಿವೆ; ಒಂದರಿಂದ ಒಂದಕ್ಕೆ ಗುಡ್ಡ ಹತ್ತಿ ಇಳಿದೇ ಹೋಗಬೇಕು.

ಈ ಕರಾವಳಿಯಲ್ಲಿ ದ್ವೀಪಗಳೂ ಇವೆ. ಉಡುಪಿ ಬಳಿಯ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್, ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಬಿರಿದು ಆದವು. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ಇಳಿದನೆಂಬ ಪ್ರತೀತಿಯೂ ಇದೆ. ನನಗೆ ಅದಕ್ಕಿಂತ ಬಂಡೆಯ ಕಥೆಯೇ ದೊಡ್ಡದು. ಮುರುಡೇಶ್ವರದಾಚೆಯ ನೇತ್ರಾಣಿಗೆ ಹೋಗುವವರು ಹೆಚ್ಚಾಗಿ ನೀರೊಳಗಿನ ಹವಳ, ಮೀನು ನೋಡಲು ಮುಳುಗುವವರು.

ದ್ವೀಪವೇ ಬೇಕಾದರೆ ಅಂಡಮಾನ್, ಲಕ್ಷದ್ವೀಪ ಇಲ್ಲವೇ ಎಂದು ಕೇಳಬಹುದು. ಇವೆ, ಅವುಗಳ ತಿಳಿನೀರು ನಮ್ಮ ದಂಡೆಗಿಲ್ಲ ಎಂಬುದೂ ನಿಜ. ಆದರೆ ಹವಳದ ಮೇಲೆ ನಿಂತ ಲಕ್ಷದ್ವೀಪದಲ್ಲಿ ನದಿಯೇ ಇಲ್ಲ. ನಾನು ಹೇಳುತ್ತಿರುವ ಕಾಡು, ನದಿ, ಗದ್ದೆ, ಕಡಲುಗಳ ನಂಟು ಅಲ್ಲಿ ಸಿಗುವುದಿಲ್ಲ. ಪ್ರವೇಶದ ಪರವಾನಗಿ, ಹಡಗಿನ ಕಾಯುವಿಕೆ ಬೇರೆ. ಇತ್ತ ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿದು ಮಂಗಳೂರು ಸೇರಿದರೆ, ರೈಲೇ ಇಲ್ಲದ ಜಿಲ್ಲೆಯವರಿಗೆ ಕೊಂಕಣ ರೈಲ್ವೆ ಉಡುಪಿ, ಮುರುಡೇಶ್ವರ, ಕುಮಟಾ, ಗೋಕರ್ಣ ರೋಡ್ ನಿಲ್ದಾಣಗಳನ್ನು ಒಂದೇ ಹಳಿಯಲ್ಲಿ ತೋರಿಸುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಅಪಾಯದ್ದು. ಅಲೆಯ ಸೆಳೆತಕ್ಕೆ ಸಿಕ್ಕಿ ಸತ್ತವರ ಸುದ್ದಿ ಈ ದಂಡೆಗಳಿಂದ ಬರುತ್ತಲೇ ಇದೆ, ಮನೆಯ ಹಿರಿಯರು ಹೆದರುವುದರಲ್ಲಿ ತಪ್ಪಿಲ್ಲ. ಸ್ನೇಹಿತರೊಬ್ಬರು ಜೊತೆಗಿರಲೇಬೇಕು ಎನ್ನುವುದೂ ಇದಕ್ಕೇ: ಗುಡ್ಡದಂಚಿನಲ್ಲಿ ಒಬ್ಬರ ಕಾಲು ಜಾರಿದರೆ ಊರಿಗೆ ಓಡಿ ಹೇಳಲು ಇನ್ನೊಬ್ಬರಿರುತ್ತಾರೆ. ನಡೆಯುವವರು ನೀರಿಗಿಳಿಯಲೇಬೇಕೆಂದೇನೂ ಇಲ್ಲ. ಜೀವರಕ್ಷಕರಿಲ್ಲದ ಕಡೆ ಇಳಿಯಲೇಬಾರದು. ಇಬ್ಬರು ಹೆಣ್ಣುಮಕ್ಕಳು ಹೊರಟರೆ ಹಗಲಿನಲ್ಲಿ ನಡೆದು, ಕತ್ತಲಾಗುವ ಮೊದಲು ಊರೊಳಗಿನ ಮನೆಯಲ್ಲೋ ವಸತಿಗೃಹದಲ್ಲೋ ತಂಗುವ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಇನ್ನೊಂದು ಮಾತನ್ನು ಕೊಡಗಿನವರೇ ಎತ್ತುತ್ತಾರೆ: ಪ್ರವಾಸಿಗಳು ಹೆಚ್ಚಿದಷ್ಟೂ ಊರು ಹಾಳು. ರಜೆಯ ದಿನಗಳಲ್ಲಿ ರಸ್ತೆ ತುಂಬುವ ವಾಹನಗಳನ್ನೂ ತೋಡಿಗೆ ಬೀಳುವ ಬಾಟಲಿಗಳನ್ನೂ ಕಂಡವರ ಮಾತಿದು, ತಳ್ಳಿಹಾಕುವಂಥದ್ದಲ್ಲ. ಆದರೆ ಆ ದೂರು ಮುಖ್ಯವಾಗಿ ಗುಂಪಿನ ಮೇಲೆ, ಅವಸರದ ಮೇಲೆ. ಬಾರ್ಜಿನಲ್ಲಿ ಊರವರ ಜೊತೆ ನಿಂತು, ಊರಿನ ಖಾನಾವಳಿಯಲ್ಲಿ ಉಂಡು, ತಮ್ಮ ಕಸವನ್ನು ತಮ್ಮ ಚೀಲದಲ್ಲೇ ಹೊತ್ತು ತರುವ ಇಬ್ಬರಿಂದ ಕಾಗಾಲಕ್ಕಾಗಲಿ ತದಡಿಗಾಗಲಿ ಭಾರವಿಲ್ಲ. ನಮ್ಮೂರಿಗೆ ಬರುವವರಿಂದ ನಾವು ಬಯಸುವ ನಡತೆಯನ್ನು ನಾವು ಅಲ್ಲಿ ತೋರಿಸಬೇಕು.

ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ, ಸೇಂಟ್ ಮೇರೀಸ್‌ಗೆ ದೋಣಿಯೂ ಇರುವುದಿಲ್ಲ. ಹುತ್ತರಿ ಹಬ್ಬ ಮುಗಿದು ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗುವ ಮೊದಲು ನಾಲ್ಕು ದಿನ ಬಿಡುವು ಮಾಡಿಕೊಳ್ಳಿ, ಸ್ನೇಹಿತರೊಬ್ಬರನ್ನು ಕರೆದುಕೊಳ್ಳಿ, ಕುಮಟಾದಲ್ಲಿ ರೈಲಿಳಿದು ಉತ್ತರಕ್ಕೆ ನಡೆಯಿರಿ.